ಒಂದೇ ಹೆಸರಿನ ನಾಲ್ಕು ಮೈಕು

"ನಮ್ಮವ್ವನ ದನಿ ತಗದ ಇಟ್ಕೋಬೇಕ್ರಿ ಅಣ್ಣಾರ" ಎಂದು ಆ ಹೆಣ್ಣುಮಗಳು ಕೇಳಿದಾಗ, ಸ್ಟುಡಿಯೊಕ್ಕೆ ಬಂದ ಎಲ್ಲರಿಗೂ ಹೇಳುವ ಮಾತನ್ನೇ ನಾನು ಹೇಳಿದೆ: "ಪೆನ್‌ಡ್ರೈವ್ ತಂದೀರೇನು?"

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಒಂದೇ ಖೋಲಿಯ ಸ್ಟುಡಿಯೊ ಇದೆ. ಜಾನಪದ ಹಾಡು, ಅಂಗಡಿ ಉದ್ಘಾಟನೆಯ ಪ್ರಚಾರ, ಕಳೆದುಹೋದ ಎಮ್ಮೆಯ ಸುದ್ದಿ, ಎಲ್ಲವೂ ಅಲ್ಲಿಯೇ ರೆಕಾರ್ಡ್ ಆಗುತ್ತವೆ. ತಾಳಿಕೋಟೆ ಬಸ್ಸು ಹಾರ್ನ್ ಹೊಡೆದರೆ ಹಾಡು ನಿಲ್ಲಿಸುವುದು, ಅದು ತಿರುವು ದಾಟಿದ ಮೇಲೆ ಮತ್ತೆ ಶುರು ಮಾಡುವುದು ನಮ್ಮ ರೂಢಿ. ಆ ಹೆಣ್ಣುಮಗಳು ಬಸವನ ಬಾಗೇವಾಡಿಯಲ್ಲಿ ಅಂಗನವಾಡಿ ಶಿಕ್ಷಕಿ. ಜೊತೆಯಲ್ಲಿ ಬಂದಿದ್ದ ಅವಳ ತಾಯಿ ಮಸೂತಿಯವರು. ಸುತ್ತಿನ ಊರುಗಳ ಮದುವೆಗಳಲ್ಲಿ ಸೋಬಾನೆ ಪದ ಹಾಡಿ ಹೆಸರಾದವರು. ಕೊರಳಿಗೆ ಒಂದು ಟವೆಲು ಸುತ್ತಿಕೊಂಡು, ನನ್ನ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ಗಂಟಲಾಗ ಗಡ್ಡಿ ಐತ್ರಿ. ವಿಜಾಪುರದಾಗ ಆಪರೇಶನ್ ಐತಿ. ದನಿಪೆಟಗಿ ಸೈತ ತಗದ ಬಿಡ್ತಾರಂತ" ಎಂದಳು ಮಗಳು. ಪೆನ್‌ಡ್ರೈವಿನ ಮಾತೆತ್ತಿದ್ದಕ್ಕೆ ನನಗೆ ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಅವರಿಗೊಂದು ದಾರಿ ತೋರಿಸಿದ್ದರು. ಮೊಬೈಲಿನಲ್ಲಿ ಗುಂಡಿಗಳ ಸಾಲು ಇರುತ್ತದೆ. ಒಂದೊಂದು ಗುಂಡಿಗೆ ಒಂದೊಂದು ಮಾತು: ನೀರು ಕೊಡು, ಇಲ್ಲಿ ನೋಯುತ್ತದೆ, ಒಳಗೆ ಬಾ, ಸುಮ್ಮನಿರು. ಆಪರೇಶನ್ನಿಗೆ ಮೊದಲೇ ಆ ಮಾತುಗಳನ್ನು ರೋಗಿಯ ಸ್ವಂತ ದನಿಯಲ್ಲಿ ತುಂಬಿಸಿಟ್ಟರೆ, ಆಮೇಲೆ ಗುಂಡಿ ಒತ್ತಿ ಮಾತಾಡಬಹುದು. ಯಂತ್ರದ ದನಿ ಆಗುವುದಿಲ್ಲವೇ ಎಂದರೆ ಆಗುತ್ತದೆ. ಆದರೆ ಮಗಳಿಗೆ ಅದು ಬೇಡ. ಅವಳಿಗೆ ಬೇಕಾಗಿದ್ದುದು ಅವ್ವನ ದನಿ. ಆಪರೇಶನ್ ಆದ ಮರುಗಳಿಗೆಯಿಂದ ಅದು ಜಗತ್ತಿನಲ್ಲಿ ಎಲ್ಲೂ ಇರುವುದಿಲ್ಲ.

ತಾಯಿಯನ್ನು ಮೈಕಿನ ಮುಂದೆ ಕೂರಿಸಿದೆ. "ನನಗೆ ನೀರು ಬೇಕಾಗಿದೆ" ಎಂದರು. ಸಾಲಿಯ ಹುಡುಗರು ಪಾಠ ಒಪ್ಪಿಸಿದ ಹಾಗಿತ್ತು. ಮತ್ತೊಮ್ಮೆ ಅನ್ನಿಸಿದೆ, ಇನ್ನಷ್ಟು ಬಿಗಿಯಾಯಿತು. ನನಗೆ ಸಿಟ್ಟು ಬೇಗ ಬರುತ್ತದೆ. ಹಲ್ಲು ಕಚ್ಚಿ ತಡೆದುಕೊಂಡೆ. ಕೊನೆಗೆ ಅವರೇ ಹೆಡ್‌ಫೋನ್ ತೆಗೆದಿಟ್ಟರು.

"ತಮ್ಮಾ, ಗ್ವಾಡಿ ಜೋಡಿ ಏನಂತ ಮಾತಾಡ್ಲೋ? ನಾ ಒಬ್ಬಾಕಿನ ಎಂದೂ ಬಾಯಿ ತಗದಾಕಿ ಅಲ್ಲ."

ಅದು ನಿಜವೇ ಆಗಿತ್ತು. ಸೋಬಾನೆಯನ್ನು ಯಾರೂ ಒಬ್ಬರೇ ಹಾಡುವುದಿಲ್ಲ. ಮುಂದಿನ ಜೋಡಿ ಒಂದು ಸಾಲು ಹೇಳಬೇಕು, ಹಿಂದಿನ ಜೋಡಿ ಅದನ್ನು ಎತ್ತಿಕೊಳ್ಳಬೇಕು. ಇವರದು ಮುಂದಿನ ಜೋಡಿ. ಜೊತೆಗಾತಿ ಇವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಮದುವೆಯಾಗಿ ಸಿಂದಗಿಯಿಂದ ಆ ಮನೆಗೆ ಬಂದಾಗಿನಿಂದ ಆಕೆ ಇವರ ಪಕ್ಕದಲ್ಲಿಯೇ ಹಾಡುತ್ತಿದ್ದಾರೆ. ಆ ಗುಂಪಿನ ನಡುವೆ ಕೂತರೆ ತಾಯಿಯ ಬಾಯಿ ತಾನಾಗಿ ಬಿಡುತ್ತದೆ ಎಂದು ಮಗಳು ಹೇಳಿದಳು. ಸರಿ, ನಾಲ್ವರನ್ನೂ ಕೂರಿಸಿ, ಹಾಡಿಸಿ, ಹರಟಿಸಿ, ಆ ಹರಟೆಯಿಂದಲೇ ಬೇಕಾದ ಮಾತು ಕತ್ತರಿಸಿಕೊಳ್ಳೋಣ ಎಂದುಕೊಂಡೆ. ಹಾಗೆ ಮಾಡಬೇಕೆಂದರೆ ನಾಲ್ವರ ದನಿಯೂ ಬೇರೆ ಬೇರೆಯಾಗಿ ದಾಖಲಾಗಬೇಕು.

ನಾಲ್ಕು ಮೈಕು ಒಟ್ಟಿಗೆ ಹಿಡಿಯುವ ನನ್ನ ದೊಡ್ಡ ಪೆಟ್ಟಿಗೆ ಹಿಂದಿನ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು. ಇಂಡಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬಸ್ಸಿನಲ್ಲಿ ಒಂದು ಪೊಟ್ಟಣ ಕಳಿಸಿಕೊಟ್ಟ. ಒಳಗೆ ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಸೌಂಡ್ ಕಾರ್ಡುಗಳು ನಾಲ್ಕು, ಒಂದೊಂದಕ್ಕೂ ಸೆರಗಿಗೆ ಸಿಕ್ಕಿಸುವ ಒಂದು ಪುಟ್ಟ ಮೈಕು. ಒಂದೇ ಬಣ್ಣ, ಒಂದೇ ಆಕಾರ. ಒಂದನ್ನು ಕೆಳಗಿಟ್ಟು ಮತ್ತೊಂದನ್ನು ಎತ್ತಿದರೆ ಯಾವುದು ಯಾವುದೆಂದು ನನಗೇ ತಿಳಿಯುತ್ತಿರಲಿಲ್ಲ.

ಗೊಳಸಂಗಿ ದಾಟಿ ಮಸೂತಿ ಮುಟ್ಟಿದಾಗ ಪಡಸಾಲೆಯಲ್ಲಿ ಜಮಖಾನೆ ಹಾಸಿ ನಾಲ್ವರೂ ಕಾಯುತ್ತಿದ್ದರು. ಹಿಂದಿನ ಜೋಡಿಯಲ್ಲಿ ಒಬ್ಬರು ತಾಯಿಯ ವಯಸ್ಸಾದ ನಾದಿನಿ, ಇನ್ನೊಬ್ಬರು ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯ ಖಾಲಾ. ಖಾಲಾ ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು.

"ನೀ ತಾಳಿಕೋಟಿ ನದಾಫರ ಪೈಕಿ ಅಲ್ಲೇನೋ? ಮಾರಿ ನೋಡಿದ್ರ ಗೊತ್ತಾಕ್ಕೈತಿ."

"ಹೌದ್ರಿ ಖಾಲಾ."

"ಹತ್ತಿ ಹಿಂಜೂದ ಬಿಟ್ಟು ಈಗ ದನಿ ಹಿಂಜಾಕ ಹತ್ತೀಯಲ್ಲೋ!"

ಎಲ್ಲರೂ ನಕ್ಕರು. ತಾಯಿಯೂ ಟವೆಲು ಬಾಯಿಗೆ ಒತ್ತಿಕೊಂಡು ನಕ್ಕರು.

ಗೋಡೆಯ ಮಾರ್ದನಿ ಕಡಿಮೆಯಾಗಲೆಂದು ಎರಡು ಕೌದಿ ಕಟ್ಟಿದೆ. ಫ್ರಿಜ್ ಬಂದ್ ಮಾಡಿಸಿದೆ. ಲ್ಯಾಪ್‌ಟಾಪಿಗೆ ಒಂದು ಹಬ್ ಹಚ್ಚಿದೆ. ಹಬ್ ಅಂದರೆ ಒಂದು ಕಿಂಡಿಯನ್ನು ನಾಲ್ಕು ಮಾಡುವ ಡಬ್ಬಿ, ಅದಕ್ಕೆ ಕರೆಂಟು ಬೇರೆ ಬೇಕು. ನಾಲ್ಕು ಕಾರ್ಡು ಚುಚ್ಚಿ ಪರದೆ ನೋಡಿದರೆ, ನಾಲ್ಕು ಸಾಲು ಬಂದಿದ್ದವು, ನಾಲ್ಕಕ್ಕೂ ಒಂದೇ ಹೆಸರು. ಕಂಪ್ಯೂಟರಿಗೂ ಅವು ಬೇರೆ ಬೇರೆಯಾಗಿ ಕಾಣಿಸುತ್ತಿರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಸುಮ್ಮನಾಗಿತ್ತು.

ಇದಕ್ಕೊಂದು ಹಳೆಯ ಉಪಾಯವಿದೆ. ಒಂದೊಂದು ಮೈಕನ್ನೂ ಉಗುರಿನಿಂದ ತಟ್ಟಬೇಕು. ಪರದೆಯ ಮೇಲೆ ಯಾವ ಸಾಲು ಜಿಗಿಯುತ್ತದೋ ಅದು ಆ ಮೈಕಿನದು. ಗುರುತಿಗೆಂದು ವೈರುಗಳಿಗೆ ಬಣ್ಣದ ದಾರ ಕಟ್ಟಿದೆ. ತಾಯಿಯ ಮೈಕಿಗೆ ಹಸಿರು, ಯಾಕೆಂದರೆ ಮುಖ್ಯವಾದ ದನಿ ಅವರದೇ, ಪರದೆಯಲ್ಲಿ ಹಸಿರು ಬೇಗ ಕಣ್ಣಿಗೆ ಬೀಳುತ್ತದೆ. ನೆಗೆಣ್ಣಿಗೆ ಬಿಳಿ, ನಾದಿನಿಗೆ ಕೆಂಪು, ಖಾಲಾಗೆ ಹಳದಿ. ಹೆಣ್ಣುಮಕ್ಕಳ ಸೆರಗಿಗೆ ನಾನು ಕೈ ಹಚ್ಚುವಂತಿಲ್ಲ. ಮೈಕುಗಳನ್ನು ಒಂದು ತಾಟಿನಲ್ಲಿಟ್ಟು, ಯಾವುದು ಯಾರದು ಎಂದು ಹೇಳಿ ಮುಂದೆ ಸರಿಸುತ್ತೇನೆ. ಅವರು ಸಿಕ್ಕಿಸಿಕೊಳ್ಳುವವರೆಗೆ ಬೆನ್ನು ತಿರುಗಿಸಿ ಪರದೆ ನೋಡುತ್ತ ಕೂರುತ್ತೇನೆ. ಅವತ್ತೂ ಹಾಗೆಯೇ ಮಾಡಿದೆ.

ಆಮೇಲೆ ಅವರು ಹಾಡಿದರು. ಆ ಮೊದಲ ಸಾಲಿಗೆ ನನ್ನ ಮೈ ಜುಮ್ಮೆಂದಿತು. ಮುಂದಿನ ಜೋಡಿಯಲ್ಲಿ ಇಬ್ಬರಿದ್ದಾರೆ ಎಂದು ಕಣ್ಣು ಹೇಳುತ್ತದೆ, ಕಿವಿ ಒಪ್ಪುವುದಿಲ್ಲ. ಉಸಿರಿಗೆಂದು ಕೂಡ ಹಾಡು ಎಲ್ಲಿಯೂ ತುಂಡಾಗಲಿಲ್ಲ. ದಿನಾ ಹಾಡು ಕೇಳುವ ನನ್ನ ಕಿವಿಗೆ ಇಬ್ಬರ ನಡುವಿನ ಹೊಲಿಗೆ ಸಿಗಲೇ ಇಲ್ಲ.

ಹಾಡು ರಂಗೇರಿದ ಹೊತ್ತಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆದೇ ಇತ್ತು, ಹಬ್ ಮಾತ್ರ ಆರಿಹೋಯಿತು. ಚಹಾ ಕುಡಿಯುವಷ್ಟರಲ್ಲಿ ಕರೆಂಟು ಬಂತು, ನಾಲ್ಕು ಸಾಲುಗಳೂ ಮತ್ತೆ ಮೂಡಿದವು, ನಾವು ಮುಂದುವರಿಸಿದೆವು.

ಮನೆಗೆ ಬಂದು ಕೇಳಿದರೆ ಗೋಳು ಗೊತ್ತಾಯಿತು. ಕರೆಂಟು ಹೋಗುವವರೆಗೆ ಸರಿಯಾಗಿದ್ದ ಹಸಿರು ಸಾಲಿನಲ್ಲಿ, ಆಮೇಲೆ ಖಾಲಾ ಕೂತಿದ್ದರು! ಅವರ ದನಿ ದಪ್ಪ, ಸಾವಿರದಲ್ಲಿ ಗುರುತು ಸಿಗುತ್ತದೆ. ಹಬ್ಬಿಗೆ ಕರೆಂಟು ಬಂದಾಗ ಯಾವ ಕಾರ್ಡು ಮೊದಲು ಎಚ್ಚೆತ್ತಿತೋ ಅದಕ್ಕೆ ಕಂಪ್ಯೂಟರು ಮೊದಲ ನಂಬರು ಕೊಟ್ಟಿತ್ತು. ನಾನು ಹೆಸರು ಬರೆದದ್ದು ನಂಬರಿನ ಮೇಲೆ. ನಂಬರಿನ ಹಿಂದಿದ್ದವರು ಅದಲುಬದಲಾಗಿದ್ದರು.

ಇನ್ನು ಇದಕ್ಕೊಂದು ಗತಿ ಕಾಣಿಸದೆ ಬಿಡುವುದಿಲ್ಲವೆಂದು ಅಂಗಡಿ ಮುಚ್ಚಿ ಕೂತೆ. ಪ್ರತಿ ಉಪಕರಣಕ್ಕೂ ಒಳಗೊಂದು ಸ್ವಂತ ನಂಬರು ಇರಬೇಕು, ಅದನ್ನು ಹಿಡಿದರೆ ಮುಗಿಯಿತು ಎಂಬುದು ನನ್ನ ಲೆಕ್ಕ. ಕೇಳಿ ನೋಡಿದೆ. ನಾಲ್ಕೂ ಒಂದೇ ನಂಬರು ಹೇಳಿದವು. ಮಾಡಿದವರು ಎಲ್ಲಕ್ಕೂ ಒಂದೇ ಅಚ್ಚು ಒತ್ತಿ ಕೈತೊಳೆದುಕೊಂಡಿದ್ದರು. ಬೈಯಬೇಕೆಂದರೆ ಎದುರಿಗೆ ಯಾರೂ ಇರಲಿಲ್ಲ, ಇಂಡಿಯ ಗೆಳೆಯನಿಗೆ ಫೋನ್ ಮಾಡಿ ಬೈದೆ. ಅವನು "ಆತು ಬಿಡಪಾ, ಬೈದು ಹಗರಾಗು" ಎಂದು ಫೋನಿಟ್ಟ.

ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಭಾರವಾಗುತ್ತದೆಂದು ನಾನು ಲಿನಕ್ಸ್ ಹಾಕಿಕೊಂಡಿದ್ದೇನೆ. ಅದರಲ್ಲಿ ಒಂದು ಅನುಕೂಲವಿದೆ, ಕಂಪ್ಯೂಟರಿಗೆ ಒಂದು ವಸ್ತುವಿನ ಬಗ್ಗೆ ಏನೇನು ಗೊತ್ತು ಎಂಬುದನ್ನು ಬಿಚ್ಚಿ ನೋಡಬಹುದು. ಒಂದೊಂದೇ ಕಾರ್ಡಿನ ಮಾಹಿತಿ ತೆಗೆದು ಸಾಲಾಗಿಟ್ಟೆ. ಹೆಸರು ಒಂದೇ, ನಂಬರು ಒಂದೇ, ಕಂಪನಿ ಒಂದೇ. ಒಂದೇ ಒಂದು ಕಡೆ ನಾಲ್ಕೂ ಬೇರೆಯಾಗಿದ್ದವು: ಹಬ್ಬಿನ ಎಷ್ಟನೆಯ ಕಿಂಡಿಯಿಂದ ಒಳಗೆ ಬಂದಿದೆ ಎಂಬುದು. ಕಂಪ್ಯೂಟರಿಗೆ ವಸ್ತು ಗೊತ್ತಿಲ್ಲ, ಜಾಗ ಗೊತ್ತಿದೆ. ಕೈಯಲ್ಲಿದ್ದ ಚಹಾ ಆರುವವರೆಗೆ ಆ ಸಾಲನ್ನೇ ನೋಡುತ್ತ ಕೂತಿದ್ದೆ. ಎಷ್ಟೋ ವರ್ಷದಿಂದ ಆ ಡಬ್ಬಿಗೆ ಚುಚ್ಚಿ ಕೀಳುತ್ತಿದ್ದೇನೆ. ಪ್ರತಿ ಕಿಂಡಿಯೂ ತನ್ನ ಗುರುತನ್ನು ಹೇಳುತ್ತಲೇ ಇತ್ತು, ನಾನು ಕೇಳಿರಲಿಲ್ಲ.

ಮೊದಲನೆಯ ಕಿಂಡಿಯಿಂದ ಯಾರೇ ಬರಲಿ, ಅವರ ಹೆಸರು ಹಸಿರು; ಎರಡನೆಯದರಿಂದ ಬಂದರೆ ಬಿಳಿ. ಹೀಗೆ ನಾಲ್ಕು ಸಾಲಿನ ಒಂದು ನಿಯಮ ಬರೆದಿಟ್ಟೆ. ಕಾರ್ಡುಗಳು ಕಿಂಡಿ ಬದಲಿಸದಂತೆ ಟೇಪು ಸುತ್ತಿದೆ. ಹಬ್ಬಿನ ಕರೆಂಟು ತೆಗೆದೆ, ಹಾಕಿದೆ, ಮತ್ತೆ ತೆಗೆದೆ, ಮತ್ತೆ ಹಾಕಿದೆ. ಹೆಸರು ಒಂದು ಸಲವೂ ಅಲುಗಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಹಳೆಯ ರೆಕಾರ್ಡಿಂಗಿನಲ್ಲಿ ಕರೆಂಟು ಹೋಗುವ ಮುಂಚಿನ ಭಾಗ ಸರಿಯಾಗಿಯೇ ಇತ್ತಲ್ಲ. ಹಸಿರು ಸಾಲಿನಿಂದ ತಾಯಿಯ ಒಂದಿಷ್ಟು ಮಾತು ಕತ್ತರಿಸಿ ಮಗಳಿಗೆ ಕಳಿಸಿದೆ. ಅವಳಿಂದ ತಕ್ಷಣ ಫೋನ್ ಬಂತು. "ಅಣ್ಣಾರ, ನಮ್ಮವ್ವ ಕಣ್ಮುಂದ ಬಂದ್ ನಿಂತಂಗ ಆತ್ರಿ" ಎಂದು ಅತ್ತಳು.

ಮರುದಿನ ಮತ್ತೆ ಫೋನ್. ಈ ಸಲ ಅವಳ ದನಿಯಲ್ಲಿ ಗೊಂದಲವಿತ್ತು. "ಅವ್ವಗ ಕೇಳಿಸಿದ್ನಿರಿ. 'ಇದು ನಾ ಅಲ್ಲ' ಅನ್ನಾಕತ್ಯಾಳ."

ನಾನು ನಕ್ಕುಬಿಟ್ಟೆ. ತನ್ನ ದನಿಯನ್ನು ಹೊರಗಿನಿಂದ ಕೇಳಿದ ಯಾರೂ ಅದು ತನ್ನದೆಂದು ಮೊದಲ ಸಲಕ್ಕೆ ಒಪ್ಪುವುದಿಲ್ಲ. ನಮ್ಮ ದನಿ ನಮಗೆ ಕೇಳುವುದು ಅರ್ಧ ತಲೆಯ ಎಲುಬಿನೊಳಗಿನಿಂದ. ಸ್ಟುಡಿಯೊದಲ್ಲಿ ದೊಡ್ಡ ದೊಡ್ಡ ಹಾಡುಗಾರರೇ "ಮೈಕ್ ಸರಿ ಇಲ್ಲ" ಎಂದು ಜಗಳ ತೆಗೆದದ್ದನ್ನು ನೋಡಿದ್ದೇನೆ. ಡಾಕ್ಟರಮ್ಮನಿಗೆ ಕೇಳಿದಾಗ ಅವರೂ ಅದನ್ನೇ ಹೇಳಿದರು. ಆದರೆ ತಾಯಿ ಹಟ ಬಿಡಲಿಲ್ಲ. ಅದು ನೆಗೆಣ್ಣಿಯ ದನಿ ಎಂದೇ ಅವರ ವಾದ. ನೆಗೆಣ್ಣಿಗೆ ಕೇಳಿಸಿದರೆ ಆಕೆ "ನಂಗ ತಿಳಿವಲ್ದವಾ" ಎಂದು ಒಳಗೆ ಎದ್ದು ಹೋದರಂತೆ. ಮಗಳಿಗೂ ಗೊತ್ತಾಗಲಿಲ್ಲ, ಸ್ಟುಡಿಯೊದಲ್ಲಿ ಅವರ ಬಿಗಿದ ದನಿಯನ್ನಷ್ಟೇ ಕೇಳಿದ್ದ ನನಗೂ ಗೊತ್ತಾಗಲಿಲ್ಲ. ಹೇಳಬಲ್ಲವರು ಒಬ್ಬರೇ, ಅವರ ಸಾಕ್ಷಿಯನ್ನೇ ನಂಬುವ ಹಾಗಿರಲಿಲ್ಲ. ಇತ್ತ ಆಪರೇಶನ್ ಮುಂದಿನ ವಾರಕ್ಕೆ ಬಂದಿತ್ತು. ತಪ್ಪಾದರೆ ಆ ತಾಯಿ ಉಳಿದ ಆಯುಷ್ಯವನ್ನೆಲ್ಲ ಬೇರೆಯವರ ದನಿಯಲ್ಲಿ ಮಾತಾಡಬೇಕಾಗುತ್ತಿತ್ತು.

ಮತ್ತೆ ಮಸೂತಿಗೆ ಹೋದೆ. ಮಗಳಿಗೆ ಅವತ್ತು ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ. ನನ್ನ ನಿಯಮದ ಮೇಲೆ ನನಗೆ ಪೂರ್ತಿ ಭರವಸೆ ಇತ್ತು, ಮೆಷಿನ್ ಸುಳ್ಳು ಹೇಳುವುದಿಲ್ಲವೆಂದು ಸಾಧಿಸುವ ಹುಮ್ಮಸ್ಸಿನಲ್ಲಿಯೇ ಹೋಗಿದ್ದೆ. ಮೈಕು ತಟ್ಟಿ ನೋಡಿ, ತಾಟಿನಲ್ಲಿಟ್ಟು ಸರಿಸಿ, ಬೆನ್ನು ತಿರುಗಿಸಿದೆ. ಆ ಹೊತ್ತಿಗೆ ಲ್ಯಾಪ್‌ಟಾಪಿನ ಪರದೆ ಆರಿತು. ಆ ಕಪ್ಪು ಗಾಜಿನಲ್ಲಿ ಹಿಂದೆ ಕೂತವರು ಕಂಡರು.

ತಾಯಿ ತಾಟಿನಿಂದ ಹಸಿರು ದಾರದ ಮೈಕು ಎತ್ತಿಕೊಂಡರು. ಸಿಕ್ಕಿಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ನೆಗೆಣ್ಣಿ ಏನೂ ಮಾತಾಡದೆ ಅದನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ಸೆರಗಿಗೆ ಸಿಕ್ಕಿಸಿಕೊಂಡರು, ತನ್ನ ಬಿಳಿ ದಾರದ್ದನ್ನು ಅವರಿಗೆ ಕೊಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ.

ನಾನು ತಿರುಗಿದೆ. ಆಗ ತಾಯಿಯ ಬರಿಗೈ ಕಣ್ಣಿಗೆ ಬಿತ್ತು. ಗಂಡ ತೀರಿಕೊಂಡ ಹೆಣ್ಣುಮಗಳು. ಹಸಿರು ಬಳೆ ತೆಗೆದಿಟ್ಟವರು. ಅಂಥವರಿಗೆ ಹಸಿರು ದಾರ ಕಟ್ಟಿ, ಬಳೆ ತುಂಬಿದ ಕೈಯವರಿಗೆ ಬಿಳಿ ದಾರ ಕೊಟ್ಟಿದ್ದೆ ನಾನು. ಇದು ಗೊತ್ತಿಲ್ಲದ ಊರಿನಿಂದ ಬಂದವನೇನಲ್ಲ. ನನಗೆ ಹೊಳೆಯಲಿಲ್ಲ, ಅವರು ಬಾಯಿ ಬಿಟ್ಟು ಹೇಳಲಿಲ್ಲ. ಬೇಡ ಎಂದರೆ ಬಂದವನಿಗೆ ಬೇಸರವಾದೀತೆಂದು ಮೊದಲ ದಿನವೇ ತಮ್ಮತಮ್ಮಲ್ಲಿ ಬದಲಿಸಿಕೊಂಡು, ದಾರ ನನಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು, ಹಾಡಿ, ಮತ್ತೆ ಬದಲಿಸಿ ತಾಟಿನಲ್ಲಿಟ್ಟಿದ್ದರು. ಮಗಳು ಕೇಳಿ ಅತ್ತ ದನಿ ನೆಗೆಣ್ಣಿಯದು. "ನಾ ಅಲ್ಲ" ಎಂದ ತಾಯಿಯ ಮಾತು ನೂರಕ್ಕೆ ನೂರು ಸತ್ಯ. ನನ್ನ ಮೇಲೆ ನನಗೇ ರೇಗಿತು. ದಾರಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡೆ.

"ಸಿಟ್ಟಾದ್ಯೇನು ತಮ್ಮಾ?" ಎಂದರು ತಾಯಿ.

"ನಿಮ್ಮ ಮ್ಯಾಲಲ್ಲವಾ, ನನ್ನ ಮ್ಯಾಲ" ಎಂದೆ.

ಇನ್ನು ದಾರವೂ ಬೇಡ, ಬಣ್ಣವೂ ಬೇಡ, ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ ಶುರು ಮಾಡಲಿ ಎಂದುಕೊಂಡೆ. ಅದೂ ನಡೆಯಲಿಲ್ಲ. ತಾಯಿಯ ಹೆಸರು ಕೇಳಿದರೆ "ನಮ್ಮಕ್ಕನ ಹೆಸರ ಹಿಂಗೈತ್ರಿ" ಎಂದು ನೆಗೆಣ್ಣಿ ಹೇಳುತ್ತಾರೆ. ನೆಗೆಣ್ಣಿಯದು ಕೇಳಿದರೆ ಖಾಲಾ ಹೇಳುತ್ತಾರೆ. ಭುಜಕ್ಕೆ ಭುಜ ತಾಗಿಸಿ ಕೂತವರು. ಯಾರೇ ಮಾತಾಡಲಿ ಪಕ್ಕದ ಮೈಕಿಗೂ ಒಂದಿಷ್ಟು ಬೀಳುತ್ತದೆ. ನೆಗೆಣ್ಣಿಯಂತೂ ತಾಯಿಯ ದನಿಯನ್ನೇ ಹೊತ್ತುಕೊಂಡಿರುವವರು. ಯಾರು ಹೇಳಿದ್ದು ಎಂದು ಆಮೇಲೆ ಹೇಗೆ ಹೇಳುವುದು? ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಸತ್ತರೂ ಹೇಳಲಾರದಂಥ ಮಾತು ಬೇಕಾಗಿತ್ತು. ಅದು ಹೊಳೆದಾಗ ನಾನು ಕೂತಲ್ಲಿಯೇ ತೊಡೆ ತಟ್ಟಿಕೊಂಡೆ.

"ಅವ್ವಾರ, ಎಲ್ಲಾರೂ ಒಂದೊಂದ ಒಡಪು ಹೇಳ್ರಿ."

ಒಡಪೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು. ಮದುವೆ, ಸೀಮಂತಗಳಲ್ಲಿ ಹೆಣ್ಣುಮಕ್ಕಳನ್ನು ಬಾಗಿಲಲ್ಲಿ ತಡೆದು ಹೇಳಿಸುತ್ತಾರೆ. ಒಡಪಿನ ಹೊರಗೆ ಈ ವಯಸ್ಸಿನವರು ಗಂಡನ ಹೆಸರನ್ನು ಬಾಯಿಗೆ ತರುವುದಿಲ್ಲ. ಇನ್ನೊಬ್ಬಳ ಗಂಡನ ಹೆಸರಿನಲ್ಲಿ ಒಡಪು ಹೇಳುವುದಂತೂ ದೂರವೇ ಉಳಿಯಿತು.

ಖಾಲಾ ಕಾಯುತ್ತಲೇ ಇದ್ದವರಂತೆ ಶುರು ಮಾಡಿದರು.

"ಬುಟ್ಟಿ ತುಂಬ ರೊಟ್ಟಿ, ಗಡಗಿ ತುಂಬ ಸಾರು,
ಇಮಾಮಸಾಬ್ರು ಉಣ್ಣಾಕ ಕುಂತ್ರ ಎಬ್ಬಸವ್ರು ಯಾರು?"

ಪಡಸಾಲೆ ನಗೆಯಿಂದ ತುಂಬಿತು. ನಾದಿನಿ ಹಲ್ಲಿಲ್ಲದ ಬಾಯಲ್ಲಿ ಒಂದು ಹೇಳಿದರು. ನೆಗೆಣ್ಣಿ ನಾಚಿ, ಸೆರಗು ಮುಖಕ್ಕೆ ಹಿಡಿದು, ಅವಸರದಲ್ಲಿ ಮುಗಿಸಿದರು. ಆಮೇಲೆ ತಾಯಿಯ ಸರದಿ.

ಆಗ ನನಗೆ ಅರಿವಾಯಿತು, ಮತ್ತೊಮ್ಮೆ ತಪ್ಪಿದ್ದೆ. ಗಂಡ ಹೋದ ಮೇಲೆ ಒಡಪು ಹೇಳುವ ರೂಢಿಯಿಲ್ಲ. ಯಾರೂ ಬೇಡ ಎನ್ನುವುದಿಲ್ಲ, ಆದರೆ ಯಾರೂ ಕೇಳುವುದೂ ಇಲ್ಲ. "ಬ್ಯಾಡ್ರಿ ಅವ್ವಾ, ಬಿಡ್ರಿ" ಎಂದೆ. ನಾದಿನಿ ತಲೆ ತಗ್ಗಿಸಿದ್ದರು. ತೀರಿಕೊಂಡಿದ್ದು ಅವರ ಅಣ್ಣ. ನೆಗೆಣ್ಣಿ ಹಾಡು ಎತ್ತಿ ಆ ಗಳಿಗೆಯನ್ನು ದಾಟಿಸಲು ಬಾಯಿ ತೆರೆದರು. ತಾಯಿ ಅವರ ಮೊಣಕಾಲ ಮೇಲೆ ಕೈಯಿಟ್ಟು ತಡೆದರು.

"ಮುಂದಿನ ವಾರದಿಂದ ಹೇಳ್ತೇನಂದ್ರೂ ಆಗೂದಿಲ್ಲ" ಎಂದರು. ಟವೆಲು ಸಡಿಲ ಮಾಡಿಕೊಂಡರು.

"ಕರೀ ಹೊಲದಾಗ ಬಿಳಿಜ್ವಾಳ ಹಾಲ ತುಂಬೈತಿ,
ಬಸವಂತರಾಯರ ಹೆಸರ ಇನ್ನೂ ಬಾಯಾಗ ಐತಿ."

ಖಾಲಾ ಕಣ್ಣೊರೆಸಿಕೊಂಡರು. ನಾನು ಪರದೆಯಲ್ಲಿ ದನಿಯ ಮಟ್ಟ ತೋರಿಸುವ ಮೀಟರು ನೋಡುವುದನ್ನೇ ಮರೆತಿದ್ದೆ. ಅವರ ಒಡಪು ಮೊದಲು "ಬಾಯಿ ತುಂಬ ಐತಿ" ಎಂದಿತ್ತು, ಇವತ್ತು ಬದಲಿಸಿದರು ಎಂದು ನೆಗೆಣ್ಣಿ ಆಮೇಲೆ ನನಗೆ ಹೇಳಿದರು.

ಅದಾದ ಮೇಲೆ ತಾಯಿಯ ಬಾಯಿಗೆ ತಡೆಯೇ ಉಳಿಯಲಿಲ್ಲ. ಹಾಡಿದರು, ನಾದಿನಿಯನ್ನು ಚೇಷ್ಟೆ ಮಾಡಿದರು, ಅಂಗಳಕ್ಕೆ ಬಂದ ಆಡನ್ನು ಬೈದು ಅಟ್ಟಿದರು, ನನ್ನ ಮದುವೆ ವಿಚಾರಿಸಿದರು. ಗುಂಡಿಗೆ ಬೇಕಾದ ಮಾತೆಲ್ಲ ಕೇಳದೆಯೇ ಸಿಕ್ಕವು.

ಸ್ಟುಡಿಯೊಕ್ಕೆ ಬಂದು ನಾಲ್ಕು ಸಾಲನ್ನೂ ಹೊಂದಿಸಿದೆ. ಒಡಪಿನ ಜಾಗದಲ್ಲಿ ಒಂದೊಂದು ಸಾಲೂ ತನ್ನ ಒಡತಿ ಯಾರೆಂದು ತಾನೇ ಹೇಳಿತು. ಬಸವಂತರಾಯರ ಹೆಸರು ಎಲ್ಲಿ ಗಟ್ಟಿಯಾಗಿತ್ತೋ ಅದು ತಾಯಿಯದು. ಉಳಿದ ಮೂರನ್ನೂ ಮುಚ್ಚಿ, ಅದೊಂದನ್ನೇ ಬಿಟ್ಟು ಹಾಡು ಕೇಳಿದೆ.

ಮೊದಲು ನನ್ನ ಕಿವಿಯನ್ನೇ ನಂಬಲಿಲ್ಲ. ಕೆಳಗಿನ ಸಾಲುಗಳಲ್ಲಿ ಒರಟಾದ, ಗೀರಿದಂಥ ಒಂದು ದನಿ ಇತ್ತು. ಹಾಡು ಮೇಲೇರುವ ಕಡೆ ಅದೂ ಇರಲಿಲ್ಲ, ಬರೀ ಉಸಿರು. ಪಕ್ಕದ ನೆಗೆಣ್ಣಿಯ ಸಾಲು ತೆರೆದೆ. ಆಕೆ ಕೆಳಗೆ ತನ್ನ ಸಿಂದಗಿಯ ತೆರೆದ ದನಿಯಲ್ಲಿ ಹಾಡುತ್ತಾರೆ. ಅಕ್ಕನ ದನಿ ಸೋಲುವ ಜಾಗ ಬಂದೊಡನೆ ಗಂಟಲು ಕಿರಿದು ಮಾಡಿ, ಅಕ್ಕನ ಹಳೆಯ ದನಿಯಲ್ಲಿ, ಅಕ್ಕನ ಎಳೆತದಲ್ಲಿ ಆ ಜಾಗ ತುಂಬುತ್ತಾರೆ. ಮರುಸಾಲಿಗೆ ಮತ್ತೆ ತಾನಾಗುತ್ತಾರೆ. ಮುಂದಿನ ಜೋಡಿಯ ಎರಡೂ ದನಿ ಒಬ್ಬರ ಗಂಟಲಿನಲ್ಲಿದ್ದವು. ನಾನು ಹೊಲಿಗೆ ಹುಡುಕುತ್ತಿದ್ದುದು ಸುಮ್ಮನೆ. ಸ್ಟುಡಿಯೊದಲ್ಲಿ ಇಷ್ಟು ವರ್ಷ ಕೂತಿದ್ದೇನೆ, ಅಂಥದ್ದನ್ನು ಕೇಳಿಲ್ಲ. ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಸ್ಸು ನೋಡುತ್ತ ನಿಂತೆ.

ನೆಗೆಣ್ಣಿಗೆ ಫೋನ್ ಮಾಡಿದೆ. ಆಕೆ ಮೊದಲು ಹೆದರಿದರು. "ಮಗಳಿಗೆ ಹೇಳಬ್ಯಾಡ್ರಿ. ಅಕ್ಕನ ದನಿ ಮ್ಯಾಲ ಹೋಗವಲ್ದಾಗಿ ಬಾಳ ದಿನಾ ಆತು. ಮಂದ್ಯಾಗ ಅಕಿ ದನಿ ಒಡೀಬಾರ್ದಂತ ನಾನ ಹಿಡಕೊಂತ ಬಂದೇನಿ. ಹಿಂಗಾಗಿ ಈಗ ಮಾತಾಡೂ ಮುಂದೂ ಒಮ್ಮೊಮ್ಮೆ ಅಕಿ ದನೀನ ಬರ್ತೈತಿ."

"ಅವ್ವಾರಿಗೆ ಗೊತ್ತದೇನ್ರಿ?"

"ಗೊತ್ತಿಲ್ದ ಏನು? ದನಿ ಹೋಗೂ ಮುಂದ ನನ್ನ ಮಣಕಾಲ ಒತ್ತತಾಳ."

ಹೇಳಬಾರದು ಎಂದರೂ ಮಗಳಿಗೆ ಹೇಳದೆ ಗತಿಯಿರಲಿಲ್ಲ. ಗುಂಡಿಗೆ ಹಾಕುವ ದನಿ ಯಾವುದೆಂದು ಅವಳು ತಿಳಿಯಬೇಕಾಗಿತ್ತು. ಬಾಗೇವಾಡಿಯಿಂದ ಬಂದು ಹೆಡ್‌ಫೋನ್ ಹಾಕಿಕೊಂಡಳು. ತಾಯಿಯ ಮಾತುಗಳನ್ನು ಕೇಳಿಸಿದೆ. ಅವಳು ತಲೆ ಅಲ್ಲಾಡಿಸಿದಳು.

"ಇದಲ್ರಿ. ನಮ್ಮವ್ವನ ದನಿ ಹಿಂಗ ಒರಟಿಲ್ಲ. ಮೊದಲ ಕಳಿಸಿದ್ರಲ್ಲ, ಅದ ಖರೇ."

"ಅದು ನಿಮ್ಮ ಚಿಗವ್ವಂದ್ರಿ" ಎಂದು ಎಲ್ಲವನ್ನೂ ವಿವರಿಸಿದೆ. ದಿನವೂ ಕೇಳುವ ದನಿ ಕೂದಲೆಳೆಯಷ್ಟೇ ಕುಂದುತ್ತ ಹೋದರೆ ಮನೆಯವರಿಗೆ ತಿಳಿಯುವುದಿಲ್ಲ. ಇವಳು ತಿಂಗಳಿಗೊಮ್ಮೆ ಹೋದಾಗಲೂ ಮನಸ್ಸಿನಲ್ಲಿದ್ದ ದನಿಯನ್ನೇ ಕೇಳಿಕೊಂಡು ಬರುತ್ತಿದ್ದಳು. ಅವಳು ಮೆಲ್ಲಗೆ ಕೇಳಿದಳು, "ಅಣ್ಣಾರ, ಚಿಗವ್ವನ ದನೀನ ಹಾಕಿದ್ರ? ಅದ ಚಂದ ಐತಿ. ಯಾರಿಗೆ ಗೊತ್ತಾಕ್ಕೈತ್ರಿ?"

ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಕೇಳಲು ಅದೇ ಇಂಪು. ಕತ್ತರಿಸಿ ಜೋಡಿಸುವುದು ಒಂದು ಗಂಟೆಯ ಕೆಲಸ. ಆದರೆ "ನಾ ಅಲ್ಲ" ಎಂದು ಹಟ ಹಿಡಿದಿದ್ದ ಆ ತಾಯಿಯ ಬಾಯಿಗೆ ಬೇರೆಯವರ ದನಿಯನ್ನು ನಾನು ಹೇಗೆ ಇಡಲಿ? ಒಡಪಿನ ತುಣುಕು ಹಾಕಿದೆ.

ಅವಳು ಕೇಳಿದಳು. ಅಪ್ಪನ ಹೆಸರು ಬಂದ ಜಾಗದಲ್ಲಿ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಹೆಸರನ್ನು ಅವ್ವನ ಬಾಯಲ್ಲಿ ಅವಳು ತನ್ನ ಮದುವೆಯ ದಿನ ಕೇಳಿದ್ದೇ ಕೊನೆಯಂತೆ. "ಇನ್ನೊಮ್ಮೆ ಹಾಕ್ರಿ" ಎಂದಳು. ಇನ್ನೊಮ್ಮೆ ಹಾಕಿದೆ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಅವಳಿಗೆ ಕೇಳಿಸಿದಂತಿರಲಿಲ್ಲ.

"ಇದನ್ನ ಹಾಕ್ರಿ ಅಣ್ಣಾರ. ನಮ್ಮವ್ವಂದ ಹಾಕ್ರಿ."

ಆಪರೇಶನ್ನಿನ ಹಿಂದಿನ ದಿನ ಎಲ್ಲ ಗುಂಡಿ ತುಂಬಿ ಮೊಬೈಲು ಅವರ ಕೈಗೆ ಮುಟ್ಟಿಸಿದೆ.

ಅದಾಗಿ ಎಷ್ಟೋ ದಿನಗಳ ಮೇಲೆ, ಒಬ್ಬ ಗಿರಾಕಿಯ ಜೊತೆ ನಾನು ಎಂದಿನಂತೆ ಏರುದನಿಯಲ್ಲಿ ವಾದ ಮಾಡುತ್ತಿದ್ದಾಗ ಫೋನ್ ಬಂತು. ಮಸೂತಿಯ ನಂಬರು.

"ತಮ್ಮಾ, ಎಲ್ಲಿದ್ದೀ?" ಎಂದಿತು ಆ ಒರಟು ದನಿ.

ಆ ತುಣುಕನ್ನು ಕತ್ತರಿಸಿದವನು ನಾನು. ಅದರ ಮುಂದಿನ ಆಡಿನ ಕೂಗನ್ನು ಅಳಿಸಿದವನೂ ನಾನೇ. ಅದು ಎಷ್ಟನೆಯ ಗುಂಡಿ ಎಂಬುದೂ ನನಗೆ ಗೊತ್ತಿತ್ತು. ಆದರೂ ಗಿರಾಕಿಯ ಕಡೆ ಕೈ ಮಾಡಿ ಸುಮ್ಮನಿರಿಸಿ, ಎದ್ದು ನಿಂತು ಉತ್ತರ ಕೊಟ್ಟೆ: "ಅಂಗಡ್ಯಾಗ ಅದೇನ್ರಿ ಅವ್ವಾ. ಹೆಂಗದೀರಿ?"

ಅತ್ತ ಕಡೆ ಮೌನ. ಅವರು ಗುಂಡಿ ಹುಡುಕುತ್ತಿದ್ದರು. ಆ ಮೌನದಲ್ಲಿ ಉಸಿರಾಡಲೆಂದು ಆಪರೇಶನ್ನಿನಲ್ಲಿ ಕೊರಳಿಗೆ ಮಾಡಿದ ತೂತಿನಿಂದ ಗಾಳಿ ಹೋಗಿ ಬರುವ ಸಪ್ಪಳ ಕೇಳಿಸಿತು. ಮೆಲ್ಲಗೆ, ಒಂದೇ ಸಮನಾಗಿ. ನಾನು ರೆಕಾರ್ಡ್ ಮಾಡದೇ ಇದ್ದದ್ದು ಅದೊಂದೇ. ಅವರು ಫೋನ್ ಇಡುವವರೆಗೆ ನಾನು ಇಡಲಿಲ್ಲ.